ಸಿಡಿದದ್ದು ನೀಲಿ ನಕ್ಷತ್ರ

1987ರ ಫೆಬ್ರುವರಿ 24ರ ನಸುಕಿನಲ್ಲಿ ಚಿಲಿಯ ಲಾಸ್ ಕಂಪಾನಸ್ ವೀಕ್ಷಣಾಲಯದಲ್ಲಿ ಖಗೋಳವೀಕ್ಷಕ ಇಯಾನ್ ಶೆಲ್ಟನ್ ಆಗಷ್ಟೇ ತೊಳೆದ ಫೋಟೊ ಫಲಕದಲ್ಲಿ ಹಿಂದಿನ ರಾತ್ರಿ ಇರದಿದ್ದ ದೊಡ್ಡ ಚುಕ್ಕೆಯೊಂದನ್ನು ಕಂಡರು. ಹೊರಗೆ ಬಂದು ತಲೆಯೆತ್ತಿದರೆ ಬರಿಗಣ್ಣಿಗೇ ಕಾಣುತ್ತಿದೆ! ಸುಮಾರು 1,68,000 ಜ್ಯೋತಿರ್ವರ್ಷ ದೂರದ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗಲನ್ ಮೋಡದಲ್ಲಿ ನಕ್ಷತ್ರವೊಂದು ಸಿಡಿದಿತ್ತು. ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಆ ಜಾಗದಲ್ಲಿ ಇದ್ದದ್ದು ನೀಲಿ ಮಹಾದೈತ್ಯ. ಕಂಪ್ಯೂಟರ್ ಮಾದರಿಗಳನ್ನು ನಂಬಿದ್ದ ಬಹುತೇಕರು ಕಾಯುತ್ತಿದ್ದದ್ದು ಕೆಂಪು ಮಹಾದೈತ್ಯನಿಗೆ. ಅಂದಿನಿಂದ ಇದನ್ನು ಮಾದರಿಗಳ ಸೋಲು ಎನ್ನುವವರಿದ್ದಾರೆ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಬೆಳಕು ಕಾಣುವ ಕೆಲವು ಗಂಟೆ ಮೊದಲೇ ಜಪಾನಿನ ಕಮಿಯೋಕಾ, ಅಮೆರಿಕದ ಒಹಾಯೊದ ಉಪ್ಪಿನ ಗಣಿ, ಕಾಕಸಸ್ ಬೆಟ್ಟಗಳ ಬಕ್ಸಾನ್, ಈ ಮೂರೂ ಕಡೆ ನೆಲದಡಿಯ ಉಪಕರಣಗಳು ಯಾವುದಕ್ಕೂ ಸುಲಭವಾಗಿ ಸಿಗದ ಸೂಕ್ಷ್ಮ ಕಣಗಳಾದ ನ್ಯೂಟ್ರಿನೊಗಳನ್ನು ಸುಮಾರು ಎರಡು ಡಜನ್ ಹಿಡಿದಿದ್ದವು. ನಕ್ಷತ್ರದ ಗರ್ಭ ಕುಸಿದಾಗ ಶಕ್ತಿಯ ಬಹುಪಾಲನ್ನು ನ್ಯೂಟ್ರಿನೊಗಳೇ ಹೊತ್ತೊಯ್ಯುತ್ತವೆ ಎಂದು ಭೌತವಿಜ್ಞಾನಿಗಳಾದ ಕೋಲ್ಗೇಟ್ ಮತ್ತು ವೈಟ್ 1966ರಲ್ಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಎರಡು ಡಜನ್ ಕಣಗಳು ಏನು ಮಹಾ ಎನ್ನಬಹುದು. ಆದರೆ ಖಂಡಾಂತರ ದೂರದ ಉಪಕರಣಗಳಿಗೆ ಅವು ಕೆಲವೇ ಸೆಕೆಂಡುಗಳಲ್ಲಿ ಬಂದವು; ಅವುಗಳಿಂದ ಅಂದಾಜಿಸಿದ ಒಟ್ಟು ಶಕ್ತಿ ನ್ಯೂಟ್ರಾನ್ ತಾರೆ ಹುಟ್ಟಲು ಬಿಡುಗಡೆಯಾಗಬೇಕಾದಷ್ಟೇ ಇತ್ತು.

ಹಾಗಾದರೆ ಒಳಗಿನದು ಸರಿಯಾಗಿ ಹೊರಗಿನ ಬಣ್ಣ ತಪ್ಪಿದ್ದೇಕೆ? ಗರ್ಭವನ್ನು ಆಳುವುದು ಗುರುತ್ವ ಮತ್ತು ಬೈಜಿಕ ಭೌತವಿಜ್ಞಾನ. ಹೊರಕವಚದ ಕಥೆಯೇ ಬೇರೆ. ಅಲ್ಲಿ ಅನಿಲ ಗಂಜಿಯಂತೆ ಕುದಿಯುತ್ತದೆ. ಆ ಕುದಿತವನ್ನು ಇಂದಿಗೂ ಮಾದರಿಗಳು ಹೆಚ್ಚಾಗಿ 1958ರಲ್ಲಿ ಎರಿಕಾ ಬೋಮ್-ವಿಟೆನ್ಸ್ ರೂಪಿಸಿದ ಸರಳ ಸೂತ್ರದಿಂದಲೇ ಅಳೆಯುತ್ತವೆ, ಅದರಲ್ಲಿ ಒಂದು ಸಂಖ್ಯೆಯನ್ನು ವೀಕ್ಷಣೆಗೆ ಹೊಂದುವಂತೆ ನಾವೇ ಇಡಬೇಕು. ಗಾಳಿಯಾಗಿ ಎಷ್ಟು ದ್ರವ್ಯ ಹಾರಿಹೋಗುತ್ತದೆ ಎಂಬುದೂ ಬಹುಪಾಲು ಅಂದಾಜೇ. ಆಮೇಲೆ ನೀಲಿಗೆ ಕಾರಣ ಹುಡುಕಿದ್ದು ತೇಪೆ ಹಚ್ಚುವ ಕೆಲಸವಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ. ಆದರೆ ಹಬಲ್ ದೂರದರ್ಶಕ ಕಂಡ ಮೂರು ಉಂಗುರಗಳು ಸ್ಫೋಟಕ್ಕೆ ಸುಮಾರು 20,000 ವರ್ಷ ಮೊದಲು ಚಿಮ್ಮಿದ ಅನಿಲ. ಎರಡು ನಕ್ಷತ್ರಗಳು ಬೆರೆತು ಒಂದಾದವು ಎಂಬ ವಿವರಣೆ ಆ ಉಂಗುರಗಳಿಗೂ ಉತ್ತರಿಸಬೇಕು, ನೀಲಿ ಬಣ್ಣಕ್ಕೂ ಉತ್ತರಿಸಬೇಕು. ಎರಡಕ್ಕೂ ಉತ್ತರಿಸುವುದರಿಂದಲೇ ನಾನದನ್ನು ತೇಪೆ ಎನ್ನಲಾರೆ. ಒಂಟಿ ನಕ್ಷತ್ರಕ್ಕೆ ಬರೆದ ಮಾದರಿಯನ್ನು ಜೋಡಿಯ ಬಾಳಿಗೆ ಹಚ್ಚಿದ್ದೇ ಎಡವಟ್ಟು ಎನಿಸುತ್ತದೆ.

ಹೊರಮೈ ನೋಡಿ ಗರ್ಭದ ಸ್ಥಿತಿ ಹೇಳಲಾಗದು ಎಂಬುದು ಇನ್ನೊಮ್ಮೆಯೂ ಕಂಡಿತು. 2019ರ ಕೊನೆಯಲ್ಲಿ ನಮ್ಮ ಆರ್ದ್ರಾ ನಕ್ಷತ್ರ ಮಂಕಾದಾಗ ಜಗತ್ತೆಲ್ಲ ಸ್ಫೋಟದ ಮಾತಾಡಿತು. ಅದು ಮೇಲ್ಮೈಯಿಂದ ಉಗುಳಿದ ಧೂಳಿನ ಆಟ ಎಂದು ಮುಂದೆ ತಿಳಿಯಿತು. ಇಂಥ ನಕ್ಷತ್ರದ ಗರ್ಭದಲ್ಲಿ ಕೊನೆಯ ಸಿಲಿಕಾನ್ ಉರಿಯುವುದು ಕೆಲವೇ ದಿನ; ಆ ಬಿಸಿ ಮೇಲಕ್ಕೆ ಬರುವಷ್ಟರಲ್ಲಿ ಗರ್ಭ ಕುಸಿದೇ ಹೋಗಿರುತ್ತದೆ. ಮುಂದಿನ ಸಲ ಮೊದಲು ಎಚ್ಚರಿಸುವುದು ಜಪಾನಿನ ಸೂಪರ್-ಕಮಿಯೋಕಾಂಡೆಯಂಥ, ನ್ಯೂಟ್ರಿನೊ ಹಿಡಿಯುವ ನೆಲದಡಿಯ ಉಪಕರಣಗಳೇ.