ಎಣಿಸಬೇಕಾದದ್ದು ಕರುವನ್ನು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಯೋಜನೆಯ ಲೆಕ್ಕ ಕೇಳಲು ಹೊರಗಿನವರು ಬಂದಾಗ, ‘ನಮ್ಮ ಕೊಟ್ಟಿಗೆಯ ವಿಷಯ ಇವರಿಗೇಕೆ?’ ಎಂದು ತಮಗೆ ಅನಿಸಬಹುದು. ಕಾರಣವಿದೆ. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್‌ಗೆ ಯುರೋಪಿನ ದೇಶಗಳ ಹಾಲಿನ ಪುಡಿ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಬಂತು. ಅದರ ಮಾರಾಟದ ಹಣದಿಂದ ಡೇರಿಗಳು ಬೆಳೆದವು. ನಮ್ಮ ರಾಜ್ಯದ ಹೈನು ಅಭಿವೃದ್ಧಿಗೆ 1974ರಲ್ಲಿ ವಿಶ್ವ ಬ್ಯಾಂಕಿನ ನೆರವು ದೊರೆಯಿತು. ಕೊಟ್ಟವರು ಫಲ ಕೇಳುವುದು ನ್ಯಾಯವೇ. ಆಪರೇಷನ್ ಫ್ಲಡ್ 1996ರಲ್ಲಿ ಮುಗಿದ ಮೇಲೆ, 1998ರಲ್ಲಿ ಆ ಬ್ಯಾಂಕಿನ ಮೌಲ್ಯಮಾಪನ ವಿಭಾಗವೇ ಅದರ ಪರಿಣಾಮದ ಬಗ್ಗೆ ವರದಿ ಪ್ರಕಟಿಸಿತು.

ಕೆಲಸ ನಡೆಯುತ್ತಿರುವಾಗ ನೋಡಿಕೊಳ್ಳುವುದು ಉಸ್ತುವಾರಿ. ಅದರಿಂದ ಬಂದ ಫಲವನ್ನು ತೂಗಿ ನೋಡುವುದು ಮೌಲ್ಯಮಾಪನ. ಈ ವ್ಯತ್ಯಾಸ ನಾನು ಕಲಿತದ್ದು ತಡವಾಗಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ವಿದೇಶಿ ನೆರವಿನ ಯೋಜನೆಯೊಂದರ ಪರಿಶೀಲಕರ ಮುಂದೆ ಕೃತಕ ಗರ್ಭಧಾರಣೆಯ ರಿಜಿಸ್ಟರನ್ನು ಹೆಮ್ಮೆಯಿಂದ ಇಟ್ಟೆ. ‘ಕರು ಎಷ್ಟು ಹುಟ್ಟಿದವು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಿಂದೆ ನಿಂತಿದ್ದ ಸದಸ್ಯೆಯೊಬ್ಬರು, ‘ನಮ್ಮ ಹಸುವಿಗೆ ಮೂರು ಸಲ ಆಯಿತು, ಇನ್ನೂ ಗಬ್ಬ ನಿಂತಿಲ್ಲ’ ಎಂದರು. ನನ್ನ ಪುಸ್ತಕದಲ್ಲಿ ಅದು ಮೂರು ಸಾಧನೆ. ಅವರ ಮನೆಯಲ್ಲಿ ಹಾಲಿಲ್ಲದೆ ಬರೀ ಮೇವಿನ ಖರ್ಚು.

ಆದ್ದರಿಂದ ಗರ್ಭಧಾರಣೆ ಮಾಡಿಸಿದ ದಿನವನ್ನು ಬರೆದಿಡಿ. 18ರಿಂದ 24ನೇ ದಿನದವರೆಗೆ ಮತ್ತೆ ಬೆದೆ ಬಂತೇ ಗಮನಿಸಿ. ಮೂರು ತಿಂಗಳಿಗೆ ಗರ್ಭ ಪರೀಕ್ಷೆ ಮಾಡಿಸಿ. ಕರು ಹಾಕಿದ ದಿನವನ್ನೂ ಕಾರ್ಯದರ್ಶಿಗೆ ತಿಳಿಸಿ. ಪರಿಶೀಲಕರು ಬಂದರೆ, ಸಂಘದ ಮರ್ಯಾದೆಗೆಂದು ಏರಿಸಿ ಹೇಳಬೇಡಿ. ನೋವು ಮುಚ್ಚಿಟ್ಟರೆ ಔಷಧ ಎಲ್ಲಿಂದ ಬರಬೇಕು?