ಕೆಂಡದ ಮುಂದೆ ಎರಡು ಸಲ

ಚಳಿಯ ರಾತ್ರಿ. ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಲಿನ ಕೆಂಡ ಹಾಕಿಕೊಂಡು ಮೈ ಕಾಯಿಸುತ್ತಿದ್ದರು. ಅವರ ನಡುವೆ ಪೇತ್ರನೂ ನಿಂತಿದ್ದ. ಒಳಗೆ ಯೇಸುವಿನ ವಿಚಾರಣೆ, ಹೊರಗೆ ಇವನದು. ಮೊದಲು ಪ್ರಶ್ನೆ ಹಾಕಿದ್ದು ಸೇನಾಪತಿಯಲ್ಲ, ದೇಶಾಧಿಪತಿಯಲ್ಲ. ಬಾಗಿಲು ಕಾಯುತ್ತಿದ್ದ ಒಬ್ಬ ಹುಡುಗಿ. ಕೆಲವೇ ಗಂಟೆಗಳ ಹಿಂದೆ ಊಟದ ಪಂಕ್ತಿಯಲ್ಲಿ, ಸಾಯಬೇಕಾಗಿ ಬಂದರೂ ನಿನ್ನನ್ನು ಬಿಡುವುದಿಲ್ಲ ಎಂದಿದ್ದವನು ಮೂರು ಸಲ ಆತನನ್ನು ಅರಿಯೆ ಎಂದ. ಗಲಿಲಾಯದ ಮಾತಿನ ಧಾಟಿಯೇ ಅವನನ್ನು ಹಿಡಿದುಕೊಟ್ಟಿತ್ತು. ಆದರೂ ಆಣೆ ಇಟ್ಟ, ಶಪಿಸಿಕೊಂಡ. ಕೋಳಿ ಕೂಗಿತು. ಯೇಸು ತಿರುಗಿ ಅವನನ್ನು ನೋಡಿದನೆಂದು ಲೂಕ ಬರೆಯುತ್ತಾನೆ. ಬೈಗುಳವಿಲ್ಲ, ಬರಿಯ ನೋಟ. ಪೇತ್ರ ಆಚೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ತಮ್ಮಾ, ತಂಗೀ, ಆ ರಾತ್ರಿ ನಿನಗೂ ಗೊತ್ತು. ಅಂಗಳ ಬೇರೆ, ಅಷ್ಟೆ. ಹಾಸ್ಟೆಲಿನಲ್ಲಿ ನಾಲ್ವರು ಒಬ್ಬನನ್ನು ಗೇಲಿ ಮಾಡುವಾಗ, ಅವನು ನನ್ನ ಗೆಳೆಯ ಎನ್ನುವ ಬದಲು ನೀನೂ ನಕ್ಕಿದ್ದು. ಅಪ್ಪ ಫೀಸಿಗೆಂದು ಕಳಿಸಿದ ದುಡ್ಡು ಮೊಬೈಲಿನ ಜೂಜಿಗೆ ಹೋಗಿದ್ದು. ಆಮೇಲೆ ಭಾನುವಾರ ಚರ್ಚಿಗೆ ಹೋಗಲು ಮುಖವಿಲ್ಲದೆ ಬಾಗಿಲು ಹಾಕಿಕೊಂಡು ಬೋರಲು ಮಲಗಿದ್ದು. ನಿನ್ನ ತಪ್ಪಿಗಿಂತ ಆ ಹಾಕಿದ ಬಾಗಿಲಿಗೇ ನಾನು ಹೆಚ್ಚು ಹೆದರುತ್ತೇನೆ.

ಯಾಕೆಂದರೆ ಅದೇ ಹೊತ್ತಿನಲ್ಲಿ ಇನ್ನೊಬ್ಬನೂ ನೊಂದ. ಯೂದ. ಮತ್ತಾಯ ಅವನ ಬಗ್ಗೆ ಬರೆದದ್ದನ್ನು ನಿಧಾನವಾಗಿ ಓದು. ಪರಿತಪಿಸಿದ, 30 ಬೆಳ್ಳಿ ನಾಣ್ಯಗಳನ್ನು ವಾಪಸು ತಂದ, ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ. ಆ ರಾತ್ರಿಯ ತನ್ನ ಸುಳ್ಳಿನ ಬಗ್ಗೆ ಪೇತ್ರ ಇಷ್ಟು ಸ್ಪಷ್ಟವಾಗಿ ಆಡಿದ ಒಂದು ಮಾತೂ ನಾಲ್ಕು ಸುವಾರ್ತೆಗಳಲ್ಲಿ ಸಿಗುವುದಿಲ್ಲ! ಹಾಗಾದರೆ ಯೂದ ತಪ್ಪಿದ್ದೆಲ್ಲಿ? ತಟ್ಟಿದ ಬಾಗಿಲಿನಲ್ಲಿ. ಹಣ ಕೊಟ್ಟವರ ಬಳಿಗೇ ಹೋದ. ಅದು ನಿನ್ನ ಪಾಡು ಅಂದರು ಅವರು. (ನೊಂದು ಬಂದವನನ್ನು ಯಾಜಕರೇ ಹೀಗೆ ಅಟ್ಟಿದ ಕಥೆ ನಮ್ಮ ಸಭೆಗಳ ಹಿರಿಯರೂ ಓದಿಕೊಳ್ಳಬೇಕಾದದ್ದು.) ಅವನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಒಂಟಿಯಾಗಿ ಹೊರಟುಹೋದ, ಉಳಿಯಲಿಲ್ಲ. ನಿನ್ನ ಮನಸ್ಸು ಅಷ್ಟು ಕತ್ತಲಾದ ದಿನ ಒಂಟಿಯಾಗಿ ಹೊರಡಬೇಡ. ಅಮ್ಮನನ್ನೋ ಅಕ್ಕನನ್ನೋ ಪಾದ್ರಿಗಳನ್ನೋ ಎಬ್ಬಿಸು, ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ.

ಯೂದನ ಸಂಕಟಕ್ಕೆ ಮತ್ತಾಯ ಬಳಸಿದ ಗ್ರೀಕ್ ಪದ ಒಂದು, ಸುವಾರ್ತೆ ನಮ್ಮನ್ನು ಕರೆಯುವ ‘ಮೆತನೋಯ’ ಇನ್ನೊಂದು. ಎರಡನೆಯದಕ್ಕೆ ಕನ್ನಡ ಕ್ರೈಸ್ತರು ಮಾನಸಾಂತರ ಎನ್ನುತ್ತಾರೆ. ದೇವರ ಕಡೆಗೆ ತಿರುಗಿಕೊಳ್ಳುವುದು ಎಂದೂ ಹೇಳುತ್ತಾರೆ. ಹೀಬ್ರೂ ಪ್ರವಾದಿಗಳ ಪದವಂತೂ ನೇರವಾಗಿ ಹಿಂದಿರುಗು ಎನ್ನುತ್ತದೆ. ಕಣ್ಣಿಗಿಂತ ಕಾಲಿಗೆ ಸೇರಿದ ಪದ ಅದು.

ಪೇತ್ರ ಅತ್ತ, ಆದರೆ ಜೊತೆಯವರನ್ನು ಬಿಟ್ಟು ಹೋಗಲಿಲ್ಲ. ಯೇಸು ಸತ್ತು ಮತ್ತೆ ಎದ್ದ ಮೇಲೆ ಒಂದು ದಿನ ತಿಬೇರಿಯ ಸಮುದ್ರಕ್ಕೆ ಏಳು ಮಂದಿ ಮೀನಿಗೆ ಹೋದರು. ರಾತ್ರಿಯೆಲ್ಲ ಬಲೆ ಖಾಲಿ. ಮುಂಜಾನೆ ದಡದಿಂದ ಒಬ್ಬ ಕೂಗಿ, ಬಲಗಡೆಗೆ ಬಲೆ ಬೀಸಲು ಹೇಳಿದ. ಬಲೆ ಎಳೆಯಲಾಗದಷ್ಟು ಮೀನು. ಆಮೇಲೆ ಎಣಿಸಿದಾಗ 153. ಅದು ಸ್ವಾಮಿ ಎಂದು ಜೊತೆಯವನೊಬ್ಬ ಅಂದದ್ದೇ ತಡ, ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಧುಮುಕಿದ. ದಡ ಇನ್ನೂರು ಮೊಳ ದೂರ. ದೋಣಿ ದಡ ಮುಟ್ಟುವವರೆಗೆ ಕಾಯುವ ತಾಳ್ಮೆಯೂ ಅವನಿಗಿರಲಿಲ್ಲ. ಮೂರು ಸಲ ಕೈಬಿಟ್ಟವನು, ತಾನು ಕೈಬಿಟ್ಟವನ ಕಡೆಗೇ ಈಜುತ್ತಿದ್ದಾನೆ, ನೋಡು. ನಂಬಿಕೆ ಎಂದರೆ ಏನೆಂದು ನನ್ನನ್ನು ಕೇಳಿದರೆ ಆ ಈಜನ್ನು ತೋರಿಸುತ್ತೇನೆ.

ದಡದಲ್ಲಿ ಏನಿತ್ತು? ಇದ್ದಲಿನ ಕೆಂಡ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಇದ್ದಲಿನ ಕೆಂಡಕ್ಕೆ ಯೋಹಾನ ಬಳಸುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ: ಆ ಅಂಗಳದಲ್ಲಿ ಒಮ್ಮೆ, ಈ ದಡದಲ್ಲಿ ಒಮ್ಮೆ. ಮೊದಲು ಊಟ, ಆಮೇಲೆ ಮಾತು. ಯಾಕೆ ಹಾಗೆ ಮಾಡಿದೆ ಎಂದು ಯೇಸು ಕೇಳಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯೇ ಎಂದು ಕೇಳಿದ, ಮೂರು ಸಲ. ಮೂರನೆಯದಕ್ಕೆ ಪೇತ್ರನಿಗೆ ನೋವಾಯಿತು. ಆಗಲೇಬೇಕಿತ್ತು, ಗಾಯ ತೊಳೆಯದೆ ಕಟ್ಟಿದರೆ ಒಳಗೇ ಕೊಳೆಯುತ್ತದೆ. ಪ್ರತಿ ಉತ್ತರಕ್ಕೂ ಒಂದು ಕೆಲಸ ಸಿಕ್ಕಿತು: ಕುರಿಗಳನ್ನು ನೋಡಿಕೋ.

ಕ್ಷಮೆ ಪುಕ್ಕಟೆ ಸಿಗುತ್ತದೆಂದು ಬಾಕಿಯೂ ಮನ್ನಾ ಆಯಿತೆಂದುಕೊಳ್ಳಬೇಡ. ಯೆರಿಕೋವಿನ ಸುಂಕದ ಜಕ್ಕಾಯನ ಮನೆಗೆ ಯೇಸು ತಾನಾಗಿಯೇ ಹೋದ. ಆಮೇಲೆ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ನಿಯಮ ಹೇಳಿತ್ತು. ಲೆಕ್ಕ ನೀನೇ ಹಾಕು.

ಇನ್ನು ಪೇತ್ರ. ಎರಡು ತಿಂಗಳೂ ಕಳೆಯುವ ಮೊದಲು ಅದೇ ಯೆರೂಸಲೇಮಿನಲ್ಲಿ ಸಾವಿರಾರು ಜನರ ಮುಂದೆ ಅವನು ನಿಂತ. ಆಮೇಲೊಂದು ದಿನ ದೇವಾಲಯದ ಸೊಲೊಮೋನನ ಮಂಟಪದಲ್ಲಿ ಜನರಿಗೆ ಹೇಳಿದ: ನೀವು ಆತನನ್ನು ನಿರಾಕರಿಸಿದಿರಿ. ಕೆಂಡದ ಮುಂದೆ ಅವನೇ ಮಾಡಿದ ಕೆಲಸಕ್ಕೆ ಸುವಾರ್ತೆ ಬಳಸಿದ ಕ್ರಿಯಾಪದವೇ ಇದು! ನಾಚಿಕೆ ಇನ್ನೂ ಅವನ ಒಡೆಯನಾಗಿದ್ದರೆ ಆ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮರುಕ್ಷಣವೇ, ನೀವು ತಿಳಿಯದೆ ಮಾಡಿದಿರೆಂದು ಬಲ್ಲೆ, ತಿರುಗಿಕೊಳ್ಳಿ ಎಂದು ಕರೆದ. ಬಿದ್ದು ಎದ್ದವನ ಬಾಯಿಂದಲೇ ಬರುವ ಮೆತ್ತಗಿನ ಮಾತದು.

ಏಳು. ಬಾಗಿಲ ಚಿಲಕ ತೆಗೆ. ಅಪ್ಪನಿಗೆ ಇವತ್ತೇ ಫೋನು ಮಾಡು, ಆ ಗೆಳೆಯನ ಮುಂದೆ ಹೋಗಿ ನಿಲ್ಲು. ದಡದಲ್ಲಿ ಕೆಂಡ ಇನ್ನೂ ಕೆಂಪಗಿದೆ, ಇನ್ನೂರೇ ಮೊಳ ನೀರು. ಅಂಗಿ ಬಿಗಿದುಕೋ, ಧುಮುಕು.