ಪಕ್ಕದಲ್ಲಿ ಕೂತವರ ಗಿಟಾರು



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ವಿದ್ವಾಂಸರು ಬದುಕಿನುದ್ದಕ್ಕೂ ಪಕ್ಕವಾದ್ಯದ ಪಿಟೀಲು ನುಡಿಸಿದವರು. ಅವರ ಸ್ಮರಣೆಯ ವೇದಿಕೆಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಸಿಕೊಂಡ ನನ್ನಂಥವನನ್ನು ಕರೆದದ್ದು ಸಮಿತಿಯ ದೊಡ್ಡ ಮನಸ್ಸು. ಈ ಗೌರವಕ್ಕೆ ಋಣಿಯಾಗಿದ್ದೇನೆ. ಬ್ಲೂಸ್ ರಾಕ್‌ನಲ್ಲಿ ಹೆಚ್ಚು ಹೆಸರಾಗದ, ಆದರೆ ಕೇಳಲೇಬೇಕಾದ ಗಿಟಾರ್ ವಾದಕರ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ.

ಮೊದಲ ಪಾಠಗಳನ್ನು ಬೇಗ ಮುಗಿಸುತ್ತೇನೆ. ಬ್ಲೂಸ್‌ನ ಹನ್ನೆರಡು ಬಾರ್‌ಗಳ ಚೌಕಟ್ಟು, ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ ಕಪ್ಪು ಜನರು ಷಿಕಾಗೋಗೆ ವಲಸೆ ಹೋದದ್ದು, ಅಲ್ಲಿನ ಧ್ವನಿಮುದ್ರಿಕೆಗಳು ಲಂಡನ್ನಿನ ಹುಡುಗರ ಕೈಗೆ ಸಿಕ್ಕಿ 1960ರ ದಶಕದಲ್ಲಿ ಬ್ಲೂಸ್ ರಾಕ್ ಎಂಬ ಪ್ರಕಾರ ನಿಂತದ್ದು, ಇವೆಲ್ಲ ಯಾವ ಪರಿಚಯ ಪುಸ್ತಕದಲ್ಲೂ ಸಿಗುತ್ತವೆ. ಎರಿಕ್ ಕ್ಲಾಪ್ಟನ್, ಜಿಮಿ ಹೆಂಡ್ರಿಕ್ಸ್, ಸ್ಟೀವಿ ರೇ ವಾನ್ ಇವರಿಗೆ ನನ್ನ ಶಿಫಾರಸು ಬೇಕಿಲ್ಲ. ‘ಹೆಸರಾಗದವರು’ ಎಂಬ ಪಟ್ಟಿಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಐರ್ಲೆಂಡಿನ ರೋರಿ ಗ್ಯಾಲಗರ್, ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದ ಪೀಟರ್ ಗ್ರೀನ್, ಅಮೆರಿಕದ ರಾಯ್ ಬ್ಯುಕ್ಯಾನನ್ ತಪ್ಪದೆ ಬರುತ್ತಾರೆ. ಬ್ಯುಕ್ಯಾನನ್ ಬಗ್ಗೆ 1971ರಲ್ಲೇ ಅಮೆರಿಕದ ಸಾರ್ವಜನಿಕ ಟೆಲಿವಿಷನ್ ಸಾಕ್ಷ್ಯಚಿತ್ರ ಮಾಡಿ, ಯಾರಿಗೂ ಗೊತ್ತಿಲ್ಲದ ಮಹಾನ್ ವಾದಕನೆಂದು ಊರಿಗೆಲ್ಲ ಸಾರಿತು. ಅಲ್ಲಿಂದಾಚೆಗೆ ಗೊತ್ತಿಲ್ಲದಿರುವುದೇ ಅವರ ಬಿರುದಾಯಿತು. ಮೂವರೂ ಬಲು ದೊಡ್ಡ ವಾದಕರು. ಆದರೆ ಹೆಸರಾಗದವರ ಸಾಲಿನಲ್ಲಿ ಅವರು ಆಗಲೇ ಹೆಸರು ಮಾಡಿದ್ದಾರೆ. ಅವರನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ.

ನನ್ನ ವಾದ ಇಷ್ಟು. ನಾವು ಹುಡುಕಬೇಕಾದ ಗಿಟಾರ್ ವಾದಕರು ಹಾಡುಗಾರನ ಪಕ್ಕದ ಕುರ್ಚಿಯಲ್ಲಿದ್ದಾರೆ. ಬ್ಲೂಸ್ ರಾಕ್‌ನ ಗುರುತಾದ ಆ ದಪ್ಪ, ಒಡಕು ದನಿಯನ್ನು ಲಂಡನ್ನಿಗಿಂತ ಹದಿನೈದು ವರ್ಷ ಮೊದಲು ಮೆಂಫಿಸ್‌ನಲ್ಲಿ ಕಟ್ಟಿದವರು ಅವರೇ. ಇದನ್ನು ಒಪ್ಪದ ಮೂರು ಪಕ್ಷಗಳಿವೆ.

ಅಪಘಾತದ ಪಕ್ಷ

ಮೊದಲನೆಯವರು ಹೇಳುವುದು ‘ರಾಕೆಟ್ 88’ರ ಕಥೆ. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್ ತಂಡ ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್‌ರ ಪುಟ್ಟ ಸ್ಟುಡಿಯೋಗೆ ಬಂದಾಗ ಗಿಟಾರ್ ವಾದಕ ವಿಲಿ ಕಿಜಾರ್ಟ್‌ರ ಆಂಪ್ಲಿಫೈಯರ್ ಕೆಟ್ಟಿತ್ತು. ಕಾರಿನ ಮೇಲಿಂದ ಬಿತ್ತೆಂದು ಒಬ್ಬರು, ಮಳೆಯಲ್ಲಿ ನೆನೆಯಿತೆಂದು ಇನ್ನೊಬ್ಬರು. ಫಿಲಿಪ್ಸ್ ಹರಿದ ಸ್ಪೀಕರಿಗೆ ಕಾಗದ ತುರುಕಿ ಮುದ್ರಣ ಮಾಡಿದರು, ಒಡಕು ದನಿ ಹಾಗೆ ಹುಟ್ಟಿತು ಎನ್ನುತ್ತಾರೆ.

ಕಥೆ ಚೆನ್ನಾಗಿದೆ, ಮುದ್ರಿಕೆಯೂ ಚೆನ್ನಾಗಿದೆ. ಆದರೆ ಅದೇ 1951ರಲ್ಲಿ, ಅದೇ ಸ್ಟುಡಿಯೋದಲ್ಲಿ ಹೌಲಿನ್ ವುಲ್ಫ್ ಹಾಡಿದ ‘ಹೌ ಮೆನಿ ಮೋರ್ ಇಯರ್ಸ್’ ಕೇಳಿ. ಗಿಟಾರ್ ವಿಲಿ ಜಾನ್ಸನ್‌ರದು. ಮಿಸಿಸಿಪ್ಪಿಯ ಸೆನಟೋಬಿಯಾದಲ್ಲಿ 1923ರಲ್ಲಿ ಹುಟ್ಟಿದವರು. ಇಲ್ಲಿ ಆಂಪ್ಲಿಫೈಯರ್ ಬಿದ್ದ ಕಥೆಯಿಲ್ಲ, ಕಾಗದ ತುರುಕಿದ ಕಥೆಯೂ ಇಲ್ಲ. ಆದರೂ ದನಿ ಒಡೆದಿದೆ. ‘ರಾಕೆಟ್ 88’ರಲ್ಲಿ ಗಿಟಾರು ಕೆಳಸ್ವರದ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ಸ್ಯಾಕ್ಸೊಫೋನ್‌ಗಳ ಜೊತೆ ಬೆರೆತುಹೋಗುತ್ತದೆ. ಜಾನ್ಸನ್ ಹಾಗಲ್ಲ. ವುಲ್ಫ್ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಎರಡು ಮೂರು ತಂತಿಗಳನ್ನು ಒಟ್ಟಿಗೆ ಗುದ್ದುತ್ತಾರೆ. ಆ ಗುದ್ದಿನ ಬಾಲ ಮುಂದಿನ ಸಾಲಿನವರೆಗೂ ಎಳೆಯುತ್ತದೆ. ಎಲ್ಲಿ ಗುದ್ದಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಖಚಿತವಾಗಿ ಗೊತ್ತಿದೆ. ಕೆಟ್ಟ ಸ್ಪೀಕರ್ ಇದನ್ನು ಯಾರಿಗೂ ಕಲಿಸುವುದಿಲ್ಲ.

ಇದರ ಹಿಂದಿನ ತಂತ್ರ ಸರಳ. ವಾಲ್ವ್ ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಸಂಕೇತ ಕೊಟ್ಟರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಮೂಲ ಸ್ವರದಲ್ಲಿ ಇಲ್ಲದ ಮೇಲುಸ್ವರಗಳು ಸೇರಿಕೊಳ್ಳುತ್ತವೆ. ನಾದ ದಪ್ಪವಾಗುತ್ತದೆ, ಬೇಗ ಆರುವುದಿಲ್ಲ. ಪಿಯಾನೊ, ಡ್ರಮ್ಮು, ವುಲ್ಫ್‌ರ ಗರಗಸದಂಥ ಕಂಠ, ಕುಣಿದು ಕೂಗುವ ಜನ, ಇಷ್ಟರ ನಡುವೆ ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡವರು ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸದೆ ಬೇರೆ ದಾರಿಯಿರಲಿಲ್ಲ. ತಿರುಗಿಸಿದ ಮೇಲೆ ಬಂದ ದನಿಯನ್ನು ಪಳಗಿಸಿದ್ದು ಅವರ ವಿದ್ಯೆ. ಮೈಕಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೂ ಮುಟ್ಟಲೆಂದು ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿದರು. ಅದನ್ನು ಅಪಘಾತವೆಂದು ಕರೆಯಲು ನಮ್ಮಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಈ ದತ್ತಿಯ ವಿದ್ವಾಂಸರ ಶಿಷ್ಯರು ಇಲ್ಲಿ ಕೂತಿದ್ದಾರೆ. ಪಕ್ಕವಾದ್ಯದವನಿಗೆ ಕೇಳಿಸಿಕೊಳ್ಳಬೇಕೆಂಬ ಹಟ ಎಷ್ಟಿರುತ್ತದೆಂದು ನಾನು ಅವರಿಗೆ ಹೇಳಬೇಕಿಲ್ಲ.

ವುಲ್ಫ್ ದೊಡ್ಡವರು. ಮೆಂಫಿಸ್‌ನ ಮುದ್ರಿಕೆಗಳಲ್ಲಿ ಹಾಡಿನ ನಡುವೆಯೇ ವಿಲಿ ಜಾನ್ಸನ್‌ರ ಹೆಸರು ಹಿಡಿದು ಕೂಗಿ ಹುರಿದುಂಬಿಸಿದ್ದುಂಟು. ತಟ್ಟೆಯ ಲೇಬಲ್ ಮಾತ್ರ ಹಾಡಿದವರ ಹೆಸರಿಗೇ ನಿಂತಿತು. ವುಲ್ಫ್ ಷಿಕಾಗೋಗೆ ಹೊರಟಾಗ ಜಾನ್ಸನ್ ಹಿಂದೆ ಉಳಿದರು. ಆಮೇಲೆ ಹೋಗಿ ಸೇರಿ 1956ರ ‘ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್’ನಲ್ಲಿ ನುಡಿಸಿದರು.

ಲಂಡನ್ ಪಕ್ಷ

ಎರಡನೆಯವರಿಗೆ ಬ್ಲೂಸ್ ರಾಕ್ ಹುಟ್ಟಿದ ತಾರೀಖು ಗೊತ್ತು. 1966ರ ಜುಲೈ, ತಂಡದ ನಾಯಕ ಜಾನ್ ಮೆಯಾಲ್ ಮತ್ತು ಕ್ಲಾಪ್ಟನ್ ಸೇರಿ ಮಾಡಿದ ‘ಬ್ಲೂಸ್ ಬ್ರೇಕರ್ಸ್’ ಆಲ್ಬಂ, ಹೊದಿಕೆಯಲ್ಲಿ ಮಕ್ಕಳ ಕಾಮಿಕ್ಸ್ ಓದುತ್ತ ಕೂತ ಕ್ಲಾಪ್ಟನ್. ಲೆಸ್ ಪಾಲ್ ಗಿಟಾರು, ಮಾರ್ಷಲ್ ಆಂಪ್ಲಿಫೈಯರು, ಕಿವಿಗಡಚಿಕ್ಕುವ ಸದ್ದು. ಈ ಆಲ್ಬಂನ ಮಹತ್ವ ನಾನು ಅಲ್ಲಗಳೆಯುವುದಿಲ್ಲ. ಗಿಟಾರನ್ನು ಪಕ್ಕದಿಂದ ಎಬ್ಬಿಸಿ ವೇದಿಕೆಯ ನಡುವೆ ಕೂರಿಸಿದ್ದು ಅದೇ.

ಆದರೆ ಅದರಲ್ಲಿರುವ ಹಾಡುಗಳನ್ನೇ ಸಾಕ್ಷಿಗೆ ಕರೆಯೋಣ. ಮೊದಲ ಹಾಡು ‘ಆಲ್ ಯುವರ್ ಲವ್’, ಷಿಕಾಗೋದ ಓಟಿಸ್ ರಷ್ 1958ರಲ್ಲಿ ಮುದ್ರಿಸಿದ್ದು. ‘ಹೈಡ್‌ಅವೇ’ 1961ರಲ್ಲಿ ಜನಪ್ರಿಯವಾದ ಫ್ರೆಡಿ ಕಿಂಗ್‌ರದು. ‘ಸ್ಟೆಪಿನ್ ಔಟ್’ ಪಿಯಾನೊ ವಾದಕ ಮೆಂಫಿಸ್ ಸ್ಲಿಮ್‌ರ 1959ರ ಮುದ್ರಿಕೆ. ಅಲ್ಲಿ ಗಿಟಾರ್ ಯಾರದು? ಮಿಸಿಸಿಪ್ಪಿಯ ಮ್ಯಾಟ್ ಮರ್ಫಿಯವರದು. ಚುರುಕು ಬೆರಳು, ತುಂಡು ತುಂಡಾಗಿ ಮೀಟಿದರೂ ಲಯ ಒಂದಿಷ್ಟೂ ಜಾರದ ಕೈ. 1963ರಲ್ಲಿ ಯುರೋಪಿಗೆ ಹೋದ ಬ್ಲೂಸ್ ತಂಡದಲ್ಲಿ ಅವರು ನುಡಿಸಿದ ‘ಮ್ಯಾಟ್ಸ್ ಗಿಟಾರ್ ಬೂಗಿ’ಯ ಚಿತ್ರಿಕೆ ಇದೆ, ನೋಡಿ. 1980ರ ‘ಬ್ಲೂಸ್ ಬ್ರದರ್ಸ್’ ಸಿನಿಮಾದಲ್ಲಿ ಹೋಟೆಲಿನ ಅಡುಗೆಯವನ ಪಾತ್ರ ಮಾಡಿದವರು ಅವರೇ. ಲಕ್ಷಾಂತರ ಜನ ಆ ಮುಖ ನೋಡಿದ್ದಾರೆ, ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅವರ ತಮ್ಮ ಫ್ಲಾಯ್ಡ್ ಮರ್ಫಿ 1953ರಲ್ಲಿ ಗಾಯಕ ಜೂನಿಯರ್ ಪಾರ್ಕರ್‌ರ ‘ಫೀಲಿನ್ ಗುಡ್’ನಲ್ಲಿ ನುಡಿಸಿದ್ದಾರೆ. ಅದನ್ನು ಕೇಳಿಯೂ ಎಲ್ಲ 1966ರಲ್ಲಿ ಶುರುವಾಯಿತು ಎನ್ನುವವರು ಕಿವಿಗಿಂತ ಕ್ಯಾಲೆಂಡರನ್ನೇ ಹೆಚ್ಚು ನಂಬಿದವರು.

ಲಂಡನ್ನಿನಲ್ಲೂ ಪಕ್ಕದ ಕುರ್ಚಿ ಇತ್ತು. 1968ರಲ್ಲಿ ಹದಿನೆಂಟರ ಹುಡುಗ ಡ್ಯಾನಿ ಕಿರ್ವನ್ ಫ್ಲೀಟ್‌ವುಡ್ ಮ್ಯಾಕ್‌ನಲ್ಲಿ ಪೀಟರ್ ಗ್ರೀನ್‌ರ ಪಕ್ಕಕ್ಕೆ ಬಂದ. ಗ್ರೀನ್ ಕಡಿಮೆ ಸ್ವರಗಳಲ್ಲಿ ಮಾತಾಡುವವರು, ಕಿರ್ವನ್ ಪ್ರತಿ ಸ್ವರವನ್ನೂ ನಡುಗಿಸುವವನು. 1969ರ ‘ದೆನ್ ಪ್ಲೇ ಆನ್’ ಆಲ್ಬಂನಲ್ಲಿ ಹಲವು ರಚನೆಗಳು ಅವನವೇ. ಲಂಡನ್ ಪಕ್ಷದವರೇ ಅವನನ್ನು ಮರೆತಿದ್ದಾರೆ.

ಬದುಕು ಓದುವ ಪಕ್ಷ

ಮೂರನೆಯ ಪಕ್ಷದ ಮೇಲೆ ನನಗೆ ಹೆಚ್ಚು ಸಿಟ್ಟು. ಇವರಿಗೆ ವಾದನ ಬೇಡ, ವಾದಕನ ದುರಂತ ಬೇಕು. ಇವರ ಕೈಗೆ ಸಿಕ್ಕಿ ನಜ್ಜುಗುಜ್ಜಾದ ಹೆಸರು ಪ್ಯಾಟ್ ಹೇರ್. ಅರ್ಕನ್ಸಾದಲ್ಲಿ 1930ರಲ್ಲಿ ಹುಟ್ಟಿದವನು. 1954ರ ಮೇ ತಿಂಗಳಲ್ಲಿ ಹೇರ್ ಫಿಲಿಪ್ಸ್‌ರ ಸ್ಟುಡಿಯೋದಲ್ಲಿ ‘ಐ ಆಮ್ ಗೋನಾ ಮರ್ಡರ್ ಮೈ ಬೇಬಿ’ ಎಂಬ ಹಾಡು ಮುದ್ರಿಸಿದ. ಸುಮಾರು ಹತ್ತು ವರ್ಷದ ಮೇಲೆ ಮಿನಿಯಾಪೊಲಿಸ್‌ನಲ್ಲಿ ತನ್ನ ಗೆಳತಿಯನ್ನೂ ಒಬ್ಬ ಪೊಲೀಸನನ್ನೂ ಕೊಂದ. 1980ರಲ್ಲಿ ಸೆರೆಯಲ್ಲೇ ಸತ್ತ. ಹಾಡು ಭವಿಷ್ಯವಾಣಿಯಾಗಿತ್ತು ಎಂದು ಇವರು ರೋಮಾಂಚನಗೊಂಡು ಬರೆಯುತ್ತಾರೆ.

ಎರಡು ಜೀವ ಹೋದ ಅಪರಾಧವನ್ನು ಯಾವ ಸಂಗೀತವೂ ತೊಳೆಯುವುದಿಲ್ಲ. ಅದನ್ನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಭವಿಷ್ಯವಾಣಿಯ ಮಾತು ಸುಳ್ಳು. ಆ ಹಾಡು ಹೇರ್‌ನ ಎದೆಯಿಂದ ಹುಟ್ಟಿದ್ದಲ್ಲ. 1940ರ ದಶಕದ ಆರಂಭದಲ್ಲಿ ಡಾಕ್ಟರ್ ಕ್ಲೇಟನ್ ಎಂಬ ಗಾಯಕ ಹಾಡಿದ ಹಳೆಯ ಬ್ಲೂಸ್‌ನ ಮರುರೂಪ. ಕೊಲೆಯ ಬೆದರಿಕೆ ಆ ಕಾಲದ ಬ್ಲೂಸ್‌ನಲ್ಲಿ ಎಲ್ಲರ ಬಾಯಲ್ಲೂ ಇದ್ದ ವಸ್ತು. ಹಾಡಿದವರೆಲ್ಲ ಕೊಲೆಗಾರರಾಗಲಿಲ್ಲ. ಕಥೆಯ ರುಚಿಗೆ ಬಿದ್ದವರು ಅದೇ ಮೇ ತಿಂಗಳಲ್ಲಿ ಅದೇ ಸ್ಟುಡಿಯೋದಲ್ಲಿ ಮುದ್ರಣವಾದ ಜೇಮ್ಸ್ ಕಾಟನ್‌ರ ‘ಕಾಟನ್ ಕ್ರಾಪ್ ಬ್ಲೂಸ್’ ಕೇಳುವುದೇ ಇಲ್ಲ. ಕಾಟನ್ ಮುಂದೆ ಮೌತ್ ಆರ್ಗನ್ನಿಗೆ ಜಗತ್ಪ್ರಸಿದ್ಧರಾದವರು. ಈ ಹಾಡಿನಲ್ಲಿ ಮಾತ್ರ ಅವರು ಅದನ್ನು ಮುಟ್ಟಿಲ್ಲ. ಆ ಜಾಗವನ್ನೆಲ್ಲ ಹೇರ್‌ನ ಗಿಟಾರು ತುಂಬಿದೆ. ಲೋಹ ತರಿದಂತಿರುವ ದನಿ, ಕಾಯುವ ವ್ಯವಧಾನವಿಲ್ಲದೆ ಒಂದರ ಮೇಲೊಂದು ಬೀಳುವ ಸ್ವರಗಳು. ಅಮೆರಿಕದ ವಿಮರ್ಶಕ ರಾಬರ್ಟ್ ಪಾಮರ್ ಮುಂದಿನ ಹೆವಿ ಮೆಟಲ್‌ನ ಸುಳಿವನ್ನು ಇಲ್ಲಿ ಗುರುತಿಸಿದ್ದಾರೆ. ಅಷ್ಟು ದೂರ ಹೋಗದವರೂ ಇದು 1954ರದೆಂದು ನಂಬಲು ಎರಡನೇ ಸಲ ಕೇಳಬೇಕಾಗುತ್ತದೆ.

ಹಾಗಾದರೆ ಯಾರನ್ನು ಕೇಳುವುದು?

ಹ್ಯೂಬರ್ಟ್ ಸಮ್ಲಿನ್‌ರಿಂದ ಶುರುಮಾಡಿ. ವುಲ್ಫ್ ಷಿಕಾಗೋಗೆ ಕರೆಸಿಕೊಂಡ ಹುಡುಗ. ಮೀಟುವ ಪಿಕ್ ಬಿಟ್ಟು ಬಾ ಎಂದು ವುಲ್ಫ್ ಮನೆಗೆ ಅಟ್ಟಿದ ಮೇಲೆ ಬರಿಬೆರಳಲ್ಲಿ ನುಡಿಸತೊಡಗಿದರು. ಅವರ ಸ್ವರಗಳು ನೇರ ದಾರಿ ಹಿಡಿಯುವುದಿಲ್ಲ, ಜಾರುತ್ತವೆ, ತಟ್ಟನೆ ನಿಲ್ಲುತ್ತವೆ. 1964ರ ‘ಕಿಲಿಂಗ್ ಫ್ಲೋರ್’ ಕೇಳಿ. 1967ರಲ್ಲಿ ಮಾಂಟೆರೆ ಉತ್ಸವದಲ್ಲಿ ಹೆಂಡ್ರಿಕ್ಸ್ ಮೊದಲು ನುಡಿಸಿದ್ದು ಈ ಹಾಡನ್ನೇ. 2011ರಲ್ಲಿ ಸಮ್ಲಿನ್ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚು ಕೊಟ್ಟವರು ರೋಲಿಂಗ್ ಸ್ಟೋನ್ಸ್‌ನ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್. ಆ ತಂಡ ಭಾರತದಲ್ಲಿ ಮೊದಲು ನುಡಿಸಿದ್ದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ, 2003ರ ಏಪ್ರಿಲ್‌ನಲ್ಲಿ. ಅಂದು ಅಲ್ಲಿ ಕುಣಿದವರಿಗೆ ಸಮ್ಲಿನ್‌ರ ಋಣ ತಿಳಿಯದೆಯೇ ತಲುಪಿದೆ.

ಆಮೇಲೆ ಪೆಗಿ ಜೋನ್ಸ್. ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಹೊರಗೆ ಗಿಟಾರ್ ಹಿಡಿದು ಹೋಗುತ್ತಿದ್ದ ಹುಡುಗಿಯನ್ನು ರಾಕ್ ಗಾಯಕ ಬೋ ಡಿಡ್ಲಿ ಕಂಡು ಮಾತಾಡಿಸಿ, 1957ರಲ್ಲಿ ತಂಡಕ್ಕೆ ಸೇರಿಸಿಕೊಂಡರು. ಡಿಡ್ಲಿಯವರ ಹೆಸರಾಂತ ತಾಳದ ಎರಡನೇ ಗಿಟಾರು ಹೆಣ್ಣುಮಗಳೊಬ್ಬಳದು ಎಂಬುದನ್ನು ರಾಕ್ ಚರಿತ್ರೆಕಾರರು ಬಹುಕಾಲ ಅಡಿಟಿಪ್ಪಣಿಗೆ ತಳ್ಳಿದರು. ನಮ್ಮ ದೇಶದಲ್ಲೂ ಹುಡುಕಿ. ಷಿಲ್ಲಾಂಗಿನ ‘ಸೋಲ್‌ಮೇಟ್’ ತಂಡದಲ್ಲಿ ತಿಪ್ರಿತಿ ಖರ್ಬಾಂಗರ್‌ರ ಕಂಠಕ್ಕೆ ಎಲ್ಲರೂ ತಲೆದೂಗುತ್ತಾರೆ. ಅವರು ಸಾಲು ಮುಗಿಸಿದ ಜಾಗದಲ್ಲಿ ರೂಡಿ ವಾಲಾಂಗ್ ಏನು ಮಾಡುತ್ತಾರೆಂದು ಗಮನಿಸಿ.

ಹೀಗೆ ಎಲ್ಲರಿಗೂ ಪಾಲು ಹಂಚಿದರೆ ಪ್ರತಿಭೆಗೆ ಬೆಲೆ ಎಲ್ಲಿ ಎಂದು ಆಕ್ಷೇಪಿಸುವವರಿದ್ದಾರೆ. ಕ್ಲಾಪ್ಟನ್‌ರಿಂದ ಒಂದು ಕಾಸನ್ನೂ ನಾನು ಕಿತ್ತುಕೊಳ್ಳುತ್ತಿಲ್ಲ. ಬಾಕಿಯಿರುವ ಸಾಲವನ್ನು ಲೆಕ್ಕಕ್ಕೆ ಬರೆಯುತ್ತಿದ್ದೇನೆ, ಅಷ್ಟೆ. ಮರುಮುದ್ರಣಗೊಂಡ ತಟ್ಟೆಗಳ ಹಿಂಬದಿಯಲ್ಲಿ ಯಾರು ಏನು ನುಡಿಸಿದರೆಂಬ ಪಟ್ಟಿ ಸಣ್ಣ ಅಕ್ಷರದಲ್ಲಿರುತ್ತದೆ. ಆ ಹೆಸರುಗಳಲ್ಲಿ ಒಂದನ್ನು ಹಿಡಿದು ಇನ್ನೊಂದು ತಟ್ಟೆಗೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ. ಮೊದಲು 1959ರ ‘ಸ್ಟೆಪಿನ್ ಔಟ್’, ಕೂಡಲೇ 1966ರದು. ಎರಡನ್ನೂ ಕೇಳಿದ ಮೇಲೂ ಲಂಡನ್ನೇ ತವರು ಎನ್ನಿಸಿದರೆ ಮುಂದಿನ ವರ್ಷ ಈ ವೇದಿಕೆಗೆ ಸಮಿತಿ ನಿಮ್ಮನ್ನು ಕರೆಯಲಿ. ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ.